ಬಾಕಿಗೆ ಬಂದ ಗಾಳ

ಮಂಗಳವಾರ ಚೆಲುವರಾಜುವಿಗೆ ರಜೆ,
ಕೋಣನೂರಿನಲ್ಲಿ ಆ ದಿನ ಯಾರ ತಲೆಗೂ ಕತ್ತರಿ ಇಲ್ಲ.
ನನಗೆ ರಜೆಯಿಲ್ಲ, ಆದರೆ ಧನುರ್ಮಾಸ:
ಮದುವೆ ಇಲ್ಲದ ತಿಂಗಳು ದರ್ಜಿಯ ಮೆಷಿನ್ನು
ಬೆಕ್ಕಿಗೆ ಮಲಗುವ ಜಾಗ.

ಕೋಲು ಅವನದಲ್ಲ. ಎಸ್ಟೇಟಿನ ರೈಟರು ಬೆಳ್ಳಿಯಪ್ಪನವರು
ಹಾಸಿಗೆ ಹಿಡಿದ ಮೇಲೆ ಎರಡು ವರ್ಷ
ಮನೆಗೇ ಹೋಗಿ ಗಡ್ಡ ಹೆರೆದಿದ್ದ,
ಕಾಸು ಕೊಡದೆ ಹೋಗಿಬಿಟ್ಟರು.
ಮಗಳು ಇದನ್ನು ತಂದು ಅಂಗಡಿಯ ಕುರ್ಚಿಗೆ ಒರಗಿಸಿ
"ಅಪ್ಪನ ಬಾಕಿ" ಅಂದಳಂತೆ.
ನಾಲ್ಕು ತುಂಡು ಜೋಡಿಸಿದರೆ ಒಂದಾಗುವ ಕಡ್ಡಿ.
ಇದರಲ್ಲಿ ಮೀನಾ? ಹಲ್ಲಿನ ಸಂದಿಗೂ ಆಗಲ್ಲ, ಅಂದೆ.

ಎರೆಹುಳ ಇದಕ್ಕೆ ಆಗಿಬರುವುದಿಲ್ಲವಂತೆ,
ಸುಳ್ಳು ನೊಣ ಬೇಕಂತೆ.
ಹುಂಜದ ಕತ್ತಿನ ಗರಿ ಅವನು ತಂದ,
ಮೆರೂನು ರೇಷ್ಮೆ ದಾರ ನನ್ನದು,
ಪೋಸ್ಟ್‌ಮಾಸ್ಟರ ಸೊಸೆಯ ರವಿಕೆಯಲ್ಲಿ ಉಳಿದ ಒಂದೆಳೆ ಜರಿ.
ರಾತ್ರಿ ಹತ್ತರವರೆಗೆ ಕೂತು ಆರು ನೊಣ ಕಟ್ಟಿದೆವು.
ಒಂದಕ್ಕೂ ಹಾರುವ ಮುಖವಿರಲಿಲ್ಲ.

ಹೊರಡುವಾಗ ಶಮೀಮ ಅಲಸಂದೆ ಕಾಳು ನೆನೆಹಾಕುತ್ತಿದ್ದಳು.
"ಮೀನು ತರ್ತೀನಲ್ಲ" ಅಂದೆ.
"ತನ್ನಿ" ಅಂದಳು,
ಇನ್ನೊಂದು ಹಿಡಿ ಕಾಳು ಹಾಕಿದಳು.

ದಾರಿಯಲ್ಲಿ ಬಲೆ ಒಣಗಿಸುತ್ತಿದ್ದ ಸಣ್ಣಯ್ಯ ನಕ್ಕ:
ಹೋದ ತಿಂಗಳು ಯಾರೋ ತೋಟೆ ಹಾಕಿ ಮಡುವನ್ನೇ ತೊಳೆದವ್ರೆ.
ಉಳಿದವೆಲ್ಲ ರಾಮನಾಥಪುರದಲ್ಲಿ ಪುರಿ ತಿಂತಾ ಬಿದ್ದವೆ,
ಅದು ಬಿಟ್ಟು ನಿಮ್ಮ ಗರಿ ತಿನ್ನಾಕೆ ಅವಕ್ಕೇನು ಹುಚ್ಚಾ?
ಸರಿ, ಒಂದು ಜಿಲೇಬಿ ಮೀನು ಸಿಕ್ಕರೆ ಸಾಕು ಅಂದುಕೊಂಡೆವು.
ಆಮೇಲೆ ಅದೂ ಬೇಡ,
ದಾರ ಕಗ್ಗಂಟಾಗದಿದ್ದರೆ ಸಾಕು.

ಕಟ್ಟೇಪುರದ ಕಟ್ಟೆಯ ಕೆಳಗೆ ಮೊಣಕಾಲುದ್ದ ನೀರು.
ಮೊದಲ ಎಸೆತ ಅವನ ಟವೆಲ್ಲಿಗೆ.
ಎರಡನೆಯದು ನನ್ನ ಕಾಲರಿಗೆ,
ನಾನೇ ಹೊಲಿದದ್ದು, ಹರಿಯಲಿಲ್ಲ.
ಮೂರನೆಯದು ಹೊಂಗೆಕೊಂಬೆಗೆ; ಒಂದು ನೊಣ ಮರದ ಪಾಲು.
ಒಂಬತ್ತಾಯಿತು. ಹತ್ತಾಯಿತು. ಚಪಾತಿ ಮುಗಿಯಿತು.

ಆಮೇಲೆ ಅವನು ಯೋಚಿಸುವುದನ್ನು ಬಿಟ್ಟ ಅಂತ ಕಾಣುತ್ತದೆ.
ತೊಗಲಿನ ಪಟ್ಟಿಗೆ ಕತ್ತಿ ಮಸೆಯುವ ಹಳೇ ಲಯ
ಮಣಿಕಟ್ಟಿಗೆ ತಾನಾಗಿ ನೆನಪಾಯಿತು,
ಹೋಗಿ, ಮಗುಚಿ, ಬಂದು, ಮಗುಚಿ,
ದಾರ ತಲೆಯ ಮೇಲೆ ಸುರುಳಿ ಬಿಚ್ಚಿ
ನಾನು ಬಟ್ಟೆಗೆ ಟೇಪು ಹಾಸಿದ ಹಾಗೆ ನೆಟ್ಟಗೆ ಮಲಗಿತು.
ನೊಣ ಕೂತದ್ದು ಹೊಳೆಗೆ ತಿಳಿಯಲಿಲ್ಲ.

ತಿಳಿದದ್ದು ಇನ್ಯಾರಿಗೋ.

ಕೋಲು ಕೊಡೆಯ ಹಿಡಿಯಂತೆ ಬಾಗಿತು,
ರಾಟೆ ಚೀರಿತು, ಚೆಲುವರಾಜು ಚೀರಿದ.
ನನ್ನ ಬಾಯಿಗೆ ಬಂದದ್ದು ಒಂದೇ ಮಾತು:
"ಹೊಲಿಗೆ ಬಿಚ್ಚಕ್ಕೆ ಬಿಡಬೇಡ!"
ಬಂಡೆಯಿಂದ ಬಂಡೆಗೆ ಓಡಿದ, ಒಂದು ಚಪ್ಪಲಿ ಕಾವೇರಿಗೆ ಕೊಟ್ಟ,
ಬೈದ, ಬೇಡಿಕೊಂಡ, ಕೊನೆಗೆ ಮೀನಿಗೆ,
ದಿನವೂ ಗಿರಾಕಿಗೆ ಹೇಳುವಂತೆ ಮೆತ್ತಗೆ,
"ಸ್ವಲ್ಪ ತಲೆ ಬಗ್ಗಿಸಿ ಸ್ವಾಮಿ" ಅಂದ.

ಬಗ್ಗಿಸಿತು.

ಬಿಳಿಮೀನು. ಜೇಬಿನಲ್ಲಿ ಟೇಪು ಇದ್ದೇ ಇತ್ತು:
ಉದ್ದ ಮೂವತ್ತೊಂದು, ಸುತ್ತಳತೆ ಹದಿನೇಳು;
ಅಭ್ಯಾಸಬಲ, ಸಡಿಲಕ್ಕೆಂದು ಅರ್ಧ ಇಂಚು ಸೇರಿಸಿ ಬರೆದುಕೊಂಡೆ.
ಒಂದೊಂದು ಹುರುಪೆ ಕೋಟಿನ ಗುಂಡಿಯಷ್ಟು.
ತುಟಿಯ ಮೂಲೆಯಲ್ಲಿ ನಮ್ಮ ಮೆರೂನು ನೊಣ,
ಪೋಸ್ಟ್‌ಮಾಸ್ಟರ ಸೊಸೆಯ ಜರಿ ಬಿಸಿಲಿಗೆ ಮಿನುಗುತ್ತ.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಸಾರಿನ ಮಾತು ಇಬ್ಬರ ನಾಲಗೆಯ ಮೇಲೂ ಇತ್ತು, ಸುಳ್ಳೇಕೆ.
ಚೆಲುವರಾಜು ಅದರ ಮೀಸೆ ಮುಟ್ಟಿ ನೋಡಿದ,
ನಾಲ್ಕೇ ಎಳೆ, ಒದ್ದೆ.
"ಇವತ್ತು ಕತ್ತರಿ ಹಾಕೋ ಹಾಗಿಲ್ಲ ಕಣೋ ಸತ್ತಾರ,
ಮಂಗಳವಾರ."

ಹರಿವಿಗೆ ಮುಖ ಮಾಡಿ ಹಿಡಿದುಕೊಂಡ.
ಕಿವಿರು ಒಮ್ಮೆ, ಇನ್ನೊಮ್ಮೆ.
ಆಮೇಲೆ ಅವನ ಅಂಗೈಯಲ್ಲಿ ನೀರು ಮಾತ್ರ.

ಶಮೀಮ ಏನೂ ಕೇಳದೆ ಕಾಳುಸಾರು ಬಡಿಸಿದಳು.
ನಾನು ತುತ್ತು ಎತ್ತಿದಾಗ ಮೂಗು ಅರಳಿಸಿ
ನನ್ನ ಕೈ ನೋಡಿದಳು, ಮುಖ ನೋಡಿದಳು.
"ಎಷ್ಟುದ್ದ?" ಅಂದಳು.

ಎಡಗೈಯಲ್ಲೇ ಅಳತೆ ಪುಸ್ತಕ ತೆಗೆದು ತೋರಿಸಿದೆ:
ರವಿಕೆ, ರವಿಕೆ, ಲಂಗ,
ಮೀನು.